ಅಪ್ಪನ ಕೆರೆಯ ದಂಡೆಗೊಂದು ಕಣ ಎಣಿಸುವ ಕಟ್ಟೆ: ಕಲಬುರಗಿಯ ಮಹಾಪೌರರಿಗೆ ಬಹಿರಂಗ ಪತ್ರ

ಕಲಬುರಗಿ ಮಹಾನಗರ ಪಾಲಿಕೆಯ ಮಾನ್ಯ ಮಹಾಪೌರರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಗರದ ಉದ್ಯಾನ ಮತ್ತು ಕೆರೆದಂಡೆಗಳ ಬಗ್ಗೆ ತಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಸಾಮಾನ್ಯವಾಗಿ ಬೀದಿದೀಪ, ಕುಡಿಯುವ ನೀರು, ಶೌಚಾಲಯ, ನಡಿಗೆಪಥ ಇವೇ ಇರುತ್ತವೆ ಎಂದು ಬಲ್ಲೆ. ಅವೆಲ್ಲ ಬೇಕಾದವೇ, ಅವುಗಳ ಸಾಲಿನಲ್ಲಿ ಮುಂದೆ ನಿಲ್ಲುವ ಹಕ್ಕು ನನ್ನ ಬೇಡಿಕೆಗಿಲ್ಲ. ಆದರೆ ಆ ಕೆಲಸಗಳಿಗೆ ನಕ್ಷೆ ತಯಾರಿಸುವಾಗ, ನಾವು ಅಪ್ಪನ ಕೆರೆ ಎನ್ನುವ ಶರಣಬಸವೇಶ್ವರ ಕೆರೆಯ ದಂಡೆಯಲ್ಲಾಗಲಿ ಪಬ್ಲಿಕ್ ಗಾರ್ಡನ್ನಿನಲ್ಲಾಗಲಿ, ಮೇಲೊಂದು ಚಾವಣಿಯಿರುವ, ವಿದ್ಯುತ್ ಸಂಪರ್ಕವಿರುವ, ರಾತ್ರಿ ಒಂಬತ್ತರವರೆಗೆ ತೆರೆದಿರುವ ಒಂದು ಕಟ್ಟೆಗೆ ಜಾಗ ಬಿಡಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಕಟ್ಟೆಯ ಮೇಲೆ ಆಕಾಶದಿಂದ ಬೀಳುವ ಉಪಪರಮಾಣು ಕಣಗಳನ್ನು ಎಣಿಸುವ ಒಂದು ಉಪಕರಣ ಇರಲಿ, ಅದರ ಸುತ್ತ ಜನ ಕೂರಲಿ ಎಂಬುದು ನನ್ನ ಕೋರಿಕೆ. ಓದಿದೊಡನೆ ಇದು ವಿಚಿತ್ರವೆನಿಸಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯುವಾನ್ ಎಂಬ ಕಣಗಳು ಹುಟ್ಟುತ್ತವೆ. ಎಲೆಕ್ಟ್ರಾನಿನ ದಾಯಾದಿಯಂತಿದ್ದು ತೂಕದಲ್ಲಿ ಅದಕ್ಕಿಂತ ಸುಮಾರು 207 ಪಟ್ಟು ಭಾರವಾದ ಈ ಕಣವನ್ನು 1936ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ಗುರುತಿಸಿದರು. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ಮಾತ್ರ ಸಾಗಬಹುದು. ಆದರೂ ಅವು ನೆಲ ಮುಟ್ಟುತ್ತವೆ, ಏಕೆಂದರೆ ಅಷ್ಟು ವೇಗದಲ್ಲಿರುವ ಕಣದ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗಿ ಓಡುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಹೀಗೆ ನಮ್ಮ ತಲೆಯ ಮೇಲೆ ಹಗಲಿರುಳು ಸುರಿಯುತ್ತಿದೆ. ಅಂಗೈಯನ್ನು ಆಕಾಶಕ್ಕೆ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಅದರ ಮೂಲಕ ಹಾಯ್ದುಹೋಗುತ್ತವೆ. ಮಹಾಪೌರರ ಅಂಗೈಗೂ ಸೂಪರ್ ಮಾರ್ಕೆಟ್ಟಿನಲ್ಲಿ ತೊಗರಿಬೇಳೆ ತೂಗುವವರ ಅಂಗೈಗೂ ಲೆಕ್ಕ ಒಂದೇ.

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನಗೆ ತಡವಾಗಿ ಹೊಳೆದ ಸಂಗತಿಯೊಂದಿದೆ. ಈ ವಿಜ್ಞಾನ ಬೆಳೆದದ್ದು ಮುಚ್ಚಿದ ಬಾಗಿಲುಗಳ ಹಿಂದೆ ಮಾತ್ರವಲ್ಲ. 1910ರಲ್ಲಿ ಥಿಯೊಡೋರ್ ವುಲ್ಫ್ ಎಂಬ ಜರ್ಮನ್ ಪಾದ್ರಿ ತಾನೇ ತಯಾರಿಸಿದ ವಿಕಿರಣ ಮಾಪಕವನ್ನು ಪ್ಯಾರಿಸಿನ ಐಫೆಲ್ ಗೋಪುರದ ಮೇಲಕ್ಕೆ ಹೊತ್ತೊಯ್ದರು. ವಿಕಿರಣವೆಲ್ಲ ನೆಲದಿಂದಲೇ ಏಳುತ್ತಿದ್ದರೆ ಮೇಲೆ ಹೋದಂತೆ ಅದು ಬಹುಮಟ್ಟಿಗೆ ಇಳಿಯಬೇಕಿತ್ತು, ಅವರು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಎರಡು ವರ್ಷದ ನಂತರ ವಿಕ್ಟರ್ ಹೆಸ್ ಬಲೂನಿನಲ್ಲಿ 5,000 ಮೀಟರಿಗೂ ಮೇಲೇರಿ, ವಿಕಿರಣ ಆಕಾಶದಿಂದಲೇ ಬರುತ್ತಿದೆ ಎಂದು ತೋರಿಸಿ ಮುಂದೆ ನೊಬೆಲ್ ಪಡೆದರು. ಆದರೆ ಅನುಮಾನದ ಮೊದಲ ಎಳೆಗಳಲ್ಲೊಂದು ಸಿಕ್ಕಿದ್ದು ಪ್ರವಾಸಿಗರು ಟಿಕೆಟ್ ಕೊಂಡು ಹತ್ತುವ ಗೋಪುರದ ಮೇಲೆ. ಲಂಡನ್ನಿನ ಹಾಲ್ಬರ್ನ್ ಭೂಗತ ರೈಲು ನಿಲ್ದಾಣದಲ್ಲಿ ಬಳಕೆ ತಪ್ಪಿದ ಪ್ಲಾಟ್‌ಫಾರ್ಮೊಂದು ವಿಶ್ವಕಿರಣ ಸಂಶೋಧಕರ ಪ್ರಯೋಗಶಾಲೆಯಾಗಿತ್ತು. ತಲೆಯ ಮೇಲಿನ ಮಣ್ಣು ಅವರಿಗೆ ಪುಕ್ಕಟೆ ಸಿಕ್ಕ ಗುರಾಣಿ.

ನಗರದ ಜಾಗವನ್ನು ಭೌತವಿಜ್ಞಾನ ಬೇರೆ ರೀತಿಯಲ್ಲೂ ಬಳಸಿಕೊಂಡಿದೆ ಎಂಬುದನ್ನು ಮರೆಮಾಚುವುದು ಸರಿಯಲ್ಲ. 1942ರ ಡಿಸೆಂಬರ್ 2ರಂದು ಷಿಕಾಗೊ ನಗರದ ನಡುವೆ, ವಿಶ್ವವಿದ್ಯಾಲಯದ ಕ್ರೀಡಾಂಗಣದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ, ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮಾನವನಿರ್ಮಿತವಾದ ತನ್ನಷ್ಟಕ್ಕೆ ಮುಂದುವರಿಯುವ ಮೊದಲ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿದರು. ಸುತ್ತಲಿನ ಮನೆಗಳವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಯುದ್ಧಕಾಲ, ಗೋಪ್ಯ ಎಂಬ ಕಾರಣಗಳಿದ್ದವು, ನಿಜ. ಆದರೂ ಅಂದು ಜನರನ್ನು ಕೇಳದೆ ನಡೆದ ಕೆಲಸದ ನೆರಳು ‘ಪರಮಾಣು’, ‘ಕಣ’ ಎಂಬ ಪದಗಳ ಮೇಲೆ ಇಂದಿಗೂ ಇದೆ. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ಸ್ಥಾಪಿಸಬೇಕೆಂದಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟರೂ ಸ್ಥಳೀಯರ ವಿರೋಧ ಮತ್ತು ಪರಿಸರ ತಕರಾರುಗಳಿಂದ ಕೆಲಸ ನಿಂತುಹೋಯಿತು. ನ್ಯೂಟ್ರಿನೊ ಎಂಬುದು ಯಾವುದಕ್ಕೂ ತಾಗದಂತೆ ಭೂಮಿಯನ್ನೇ ಹಾಯ್ದುಹೋಗಬಲ್ಲ ಅತಿ ಹಗುರ ಕಣ, ಅದು ಯಾರಿಗೂ ಹಾನಿ ಮಾಡದು ಎಂದು ವಿಜ್ಞಾನಿಗಳು ಹೇಳಿದ್ದು ಸರಿಯೇ. ಆದರೆ ಬೆಟ್ಟ ಕೊರೆಯಲು ಬಂದ ದಿನ ಮೊದಲ ಬಾರಿಗೆ ಆ ಹೆಸರು ಕೇಳಿದ ರೈತ ಅದನ್ನು ಯಾವ ಧೈರ್ಯದ ಮೇಲೆ ನಂಬಬೇಕಿತ್ತು? ಪರಿಚಯ ಮೊದಲೇ ಆಗಿರಬೇಕಿತ್ತು. ಅದು ಸಭೆ ಕರೆದು ಭಾಷಣ ಮಾಡಿದರೆ ಆಗುವ ಪರಿಚಯವಲ್ಲ, ನೆರೆಮನೆಯವರೊಂದಿಗೆ ದಿನವೂ ಎರಡು ಮಾತಾಡಿ ಆಗುವಂಥದ್ದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೂ ಅಲ್ಲ. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆಗೂಡಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಅದು ಕಂಡಿತು. ಅಷ್ಟು ಆಳಕ್ಕೆ ಇಳಿದದ್ದೇಕೆಂದರೆ ಮೇಲಿನಿಂದ ಸುರಿಯುವ ಮ್ಯುವಾನುಗಳ ಗದ್ದಲವನ್ನು ತಪ್ಪಿಸಿಕೊಳ್ಳಲು. ಅವರು ಓಡಿ ತಪ್ಪಿಸಿಕೊಂಡ ಆ ಗದ್ದಲವನ್ನೇ ನಾನು ಉದ್ಯಾನದಲ್ಲಿ ಕೂತು ಕೇಳೋಣ ಎನ್ನುತ್ತಿದ್ದೇನೆ. ಗದ್ದಲವೆಂದು ಅದನ್ನು ಕಡೆಗಣಿಸುವಂತಿಲ್ಲ. ಊಟಿಯಲ್ಲಿ ವಿಶ್ವಕಿರಣಗಳನ್ನು ಅಳೆಯುವ ಗ್ರೇಪ್ಸ್-3 ಪ್ರಯೋಗದವರು 2014ರ ಡಿಸೆಂಬರ್ 1ರಂದು ತಲೆಯ ಮೇಲೆ ಹಾದುಹೋದ ಒಂದು ಗುಡುಗುಮೋಡದೊಳಗೆ ಸುಮಾರು 130 ಕೋಟಿ ವೋಲ್ಟ್ ವಿದ್ಯುದ್ವಿಭವವಿತ್ತೆಂದು ಲೆಕ್ಕ ಹಾಕಿದ್ದು ಮ್ಯುವಾನುಗಳ ಎಣಿಕೆಯಲ್ಲಾದ ಸಣ್ಣ ಇಳಿತದಿಂದಲೇ.

ಈಗ ನಮ್ಮ ಊರಿನ ಮಾತು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ವತಂತ್ರವಾಗಿ ಆರಂಭವಾಯಿತು, ಅದರ ಜ್ಞಾನಗಂಗಾ ಆವರಣ ಊರಿನ ಅಂಚಿನಲ್ಲಿದೆ. 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇನ್ನೂ ದೂರ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಜಾಗ, ಮೌನ, ವಿಸ್ತಾರ ಇವೆಲ್ಲ ಸಂಶೋಧನೆಗೆ ಬೇಕು, ತಕರಾರಿಲ್ಲ. ಆದರೆ ಅದರ ಫಲವಾಗಿ ವಿದ್ಯೆ ಊರ ಹೊರಗೆ, ಜನ ಊರ ಒಳಗೆ ಎಂಬಂತಾಗಿದೆ. 1984ರಿಂದ ನಗರದಲ್ಲಿರುವ ಜಿಲ್ಲಾ ವಿಜ್ಞಾನ ಕೇಂದ್ರ ಈ ಮಾತಿಗೆ ಒಂದು ಒಳ್ಳೆಯ ಅಪವಾದ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಅಲ್ಲಿಗೆ ಹೋಗುತ್ತಾರೆ. ಆದರೆ ಆ ಮಕ್ಕಳ ತಾಯಿ, ಅಜ್ಜ, ಕೂಲಿಗೆ ಹೋಗುವ ಅಣ್ಣ ಅಲ್ಲಿಗೆ ಬಸ್ಸು ಮಾಡಿಕೊಂಡು ಹೋಗುವುದಿಲ್ಲ. ಅವರು ಬರುವುದು ಕೆರೆಯ ದಂಡೆಗೆ.

ಅವರು ಬರುವ ಹೊತ್ತನ್ನೂ ತಾವು ಬಲ್ಲಿರಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಊರಿನಲ್ಲಿ ಹಗಲು ಬೀದಿಯೆಂಬುದು ಇರುವುದೇ ಇಲ್ಲ. ಬಿಸಿಲು ಇಳಿದ ಮೇಲೆ ಊರು ಎರಡನೆಯ ಸಲ ಏಳುತ್ತದೆ. ಮನೆಯ ಗೋಡೆಗಳು ಕಾವು ಬಿಡುವ ಹೊತ್ತಿಗೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಗಾಳಿಗೆ ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದೀಪದ ಕಂಬ ಹುಡುಕಿ ಕೂರುತ್ತಾರೆ, ನಿವೃತ್ತರು ರಾಜಕೀಯ ಮಾತಾಡುತ್ತಾರೆ (ನಾನೂ ಅವರಲ್ಲೊಬ್ಬ). ಇವರಿಗೆಲ್ಲ ಈಗಿನ ವಿನ್ಯಾಸಗಾರರು ಕೊಡುತ್ತಿರುವುದು ಸೆಲ್ಫಿ ತೆಗೆಸಿಕೊಳ್ಳುವ ಅಕ್ಷರಗಳು ಮತ್ತು ಸಿಮೆಂಟಿನ ಜಿಂಕೆಗಳು. ನೋಡಿ ಮುಂದೆ ಹೋಗುವುದಕ್ಕೆ ಅವು ಸಾಕು. ಆದರೆ ಗುರುತಿಲ್ಲದ ಇಬ್ಬರು ಮಾತಿಗಿಳಿಯಬೇಕಾದರೆ ಅವರ ನಡುವೆ ಬದಲಾಗುತ್ತಿರುವ ಏನೋ ಒಂದು ಇರಬೇಕು. ಚೌಕಾಬಾರದ ಕವಡೆಗೆ ಆ ಗುಣವಿತ್ತು, ಕ್ರಿಕೆಟ್ ಸ್ಕೋರಿಗೆ ಆ ಗುಣವಿದೆ. ಸೆಕೆಂಡಿಗೊಂದರಂತೆ ಮಿನುಗಿ ಅಂಕಿ ಏರಿಸುವ ಹಲಗೆಗೂ ಆ ಗುಣವಿದೆಯೆಂದು ಅನುಭವದಿಂದ ಹೇಳಬಲ್ಲೆ. ಬೇರೊಂದು ಊರಿನ ಬಸ್ ನಿಲ್ದಾಣದ ಬಳಿ ವಿದ್ಯಾರ್ಥಿಗಳೊಂದಿಗೆ ಒಮ್ಮೆ ಇಂಥ ಡಿಟೆಕ್ಟರನ್ನು ಇಟ್ಟಿದ್ದಾಗ ಹಣ್ಣಿನ ಗಾಡಿಯವರೊಬ್ಬರು ಬಂದು ಕೇಳಿದ ಮೊದಲ ಪ್ರಶ್ನೆ, ‘ಮಳಿ ಬಂದ್ರ ಇದು ಕಮ್ಮಿ ಆಗ್ತದೇನ್ರಿ?’ ಎಂಬುದು. ವರ್ಷಗಟ್ಟಲೆ ಪಾಠ ಹೇಳಿದರೂ ನನ್ನ ತರಗತಿಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವಾಯುಭಾರ ಹೆಚ್ಚಾದರೆ ಮ್ಯುವಾನುಗಳ ಎಣಿಕೆ ಕಡಿಮೆಯಾಗುತ್ತದೆ, ವಾಯುಭಾರ ಕುಸಿದರೆ ಹೆಚ್ಚುತ್ತದೆ. ಅದನ್ನು ಅವರಿಗೆ ವಿವರಿಸುವಷ್ಟರಲ್ಲಿ ಕಾವಲುಗಾರ ಬಂದು, ಅನುಮತಿ ಪತ್ರ ಎಲ್ಲಿ ಎಂದ. ಅವನದೇನೂ ತಪ್ಪಿರಲಿಲ್ಲ, ನಮ್ಮಲ್ಲಿ ಪತ್ರವಿರಲಿಲ್ಲ. ಆ ಪತ್ರವನ್ನೇ ಈಗ ತಮ್ಮಿಂದ ಕೇಳುತ್ತಿದ್ದೇನೆ.

ಉಪಕರಣ ದೊಡ್ಡದೇನಲ್ಲ. ಕಣ ಹಾಯ್ದಾಗ ಕ್ಷಣಕಾಲ ಬೆಳಗುವ ಸಿಂಟಿಲೇಟರ್ ಎಂಬ ಪ್ಲಾಸ್ಟಿಕ್ಕಿನ ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಏಕಕಾಲಕ್ಕೆ ಬೆಳಗಿದಾಗ ಮಾತ್ರ ಒಂದು ಎಂದು ಎಣಿಸುತ್ತೇವೆ. ಪಕ್ಕದಲ್ಲಿ ಒಂದು ವಾಯುಭಾರಮಾಪಕ, ಒಂದು ಪರದೆ, ಬೀಗವಿರುವ ಒಂದು ಬೀರು. ಒಂದು ಸ್ವಾಗತ ಕಮಾನಿನ ಖರ್ಚನ್ನು ಇದು ಮೀರಲಾರದು. ಈ ಪೆಟ್ಟಿಗೆ ಏನನ್ನೂ ಹೊರಸೂಸುವುದಿಲ್ಲ, ಬೀಳುವುದನ್ನು ಎಣಿಸುತ್ತದೆ, ಅಷ್ಟೆ. ತೇನಿಯಲ್ಲಾದಂತೆ ಆಗಬಾರದೆಂದರೆ ಆ ಮಾತನ್ನು ಮೊದಲ ದಿನವೇ ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕು.

ಇದರಿಂದ ಸಂಶೋಧನೆಗೇನು ಪ್ರಯೋಜನ ಎಂದು ತಮ್ಮ ಎಂಜಿನಿಯರುಗಳು ಕೇಳಬಹುದು. ಒಂದೇ ಪೆಟ್ಟಿಗೆಯಿಂದ ಹೊಸ ಕಣ ಸಿಗುತ್ತದೆಂದು ಹೇಳಿದರೆ ಅದು ಮೋಸ. ಆದರೆ 1938ರಲ್ಲಿ ಫ್ರಾನ್ಸಿನ ಪಿಯರ್ ಓಜೆ ಎಣಿಕೆ ಸಾಧನಗಳನ್ನು ನೂರಾರು ಮೀಟರ್ ದೂರ ಇಟ್ಟಾಗಲೂ ಅವು ಒಮ್ಮೆಗೇ ಮಿಡಿಯುವುದನ್ನು ಕಂಡು, ಮಹಾಶಕ್ತಿಯ ಒಂದೇ ಕಣದಿಂದ ಹುಟ್ಟಿದ ಕಣಗಳ ಜಡಿಮಳೆ ವಿಶಾಲ ಪ್ರದೇಶದ ಮೇಲೆ ಬೀಳುತ್ತದೆಂದು ತೋರಿಸಿದರು. ನೆದರ್ಲೆಂಡ್ಸಿನಲ್ಲಿ ಹೈಸ್ಪಾರ್ಕ್ ಎಂಬ ಯೋಜನೆಯಡಿ ಪ್ರೌಢಶಾಲೆಗಳ ಚಾವಣಿಗಳ ಮೇಲೆ ಡಿಟೆಕ್ಟರುಗಳನ್ನಿಟ್ಟು ಇದನ್ನೇ ಅಳೆದರು. ನಮ್ಮಲ್ಲೂ ಕೆರೆದಂಡೆ, ಉದ್ಯಾನ, ವಿಜ್ಞಾನ ಕೇಂದ್ರದ ಚಾವಣಿ ಎಂದು ಆರಂಭಿಸಿ ಮುಂದೆ ಶಾಲೆಗಳಿಗೆ ಹಬ್ಬಿಸಿದರೆ, ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಅಧ್ಯಯನ ಮಾಡುವಷ್ಟು ದತ್ತಾಂಶ ಸಿಗುತ್ತದೆ. ಕೋಟೆಯೊಳಗಿನ, 1367ರಲ್ಲಿ ಕಟ್ಟಿದ, ತೆರೆದ ಅಂಗಳವೇ ಇಲ್ಲದ ಜಾಮಿ ಮಸೀದಿಯ ಗುಮ್ಮಟಗಳ ಕೆಳಗೆ ಮ್ಯುವಾನುಗಳು ಎಷ್ಟು ತಗ್ಗುತ್ತವೆ ಎಂದು ಅಳೆಯುವ ಆಸೆಯೂ ನನಗಿದೆ. ಅದು ಪುರಾತತ್ವ ಇಲಾಖೆಗೆ ಬರೆಯಬೇಕಾದ ಬೇರೆಯೇ ಪತ್ರ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇದೇ ಊರಿನಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಬಳಿಯ ಬಾಲಾಘಾಟದಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸತೊಡಗಿದನೆಂದೂ, ಹಕೀಮ್ ಹಸನ್ ಗೀಲಾನಿ ಎಂಬ ವಿದ್ವಾಂಸನ ಸಾವಿನಿಂದ ಅದು ಅರ್ಧಕ್ಕೇ ನಿಂತಿತೆಂದೂ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಸುಲ್ತಾನ ಈಗ ಹಫ್ತ್ ಗುಂಬಜಿನಲ್ಲಿ ಮಲಗಿದ್ದಾನೆ. ಒಬ್ಬ ವ್ಯಕ್ತಿಯನ್ನು ನೆಚ್ಚಿದ ಕೆಲಸ ಅವನೊಂದಿಗೇ ಹೋಗುತ್ತದೆ, ಮತ್ತು ನನಗೀಗ ಅರವತ್ತೇಳು ವರ್ಷ. ಆದ್ದರಿಂದ ಈ ಕಟ್ಟೆ ನನ್ನ ಹವ್ಯಾಸವಾಗಿ ಬರುವುದು ಬೇಡ. ಪಾಲಿಕೆ, ಎರಡೂ ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳು ಮತ್ತು ವಿಜ್ಞಾನ ಕೇಂದ್ರ ಸೇರಿ ಒಂದು ಒಪ್ಪಂದ ಮಾಡಿಕೊಳ್ಳಲಿ. ಜಾಗ, ಚಾವಣಿ, ವಿದ್ಯುತ್, ಕಾವಲು ಪಾಲಿಕೆಯದಿರಲಿ. ಉಪಕರಣ ಮತ್ತು ಅದರ ದುರಸ್ತಿ ವಿಭಾಗಗಳದಿರಲಿ. ದಿನವೂ ಸಂಜೆ ಇಬ್ಬರು ವಿದ್ಯಾರ್ಥಿಗಳು ಕಟ್ಟೆಯಲ್ಲಿ ಕೂತು ಕೇಳಿದವರಿಗೆ ಉತ್ತರ ಹೇಳಲಿ, ಅದಕ್ಕೆ ಅವರಿಗೆ ಪ್ರಾಯೋಗಿಕ ಅಂಕಗಳಲ್ಲಿ ಪಾಲು ಸಿಗಲಿ. ಪ್ರವೇಶಕ್ಕೆ ಟಿಕೆಟ್ ಬೇಡ. ಹೆಣ್ಣುಮಕ್ಕಳು ಅಳುಕಿಲ್ಲದೆ ಒಂಬತ್ತರವರೆಗೆ ಕೂರುವಷ್ಟು ಬೆಳಕಿರಲಿ. ಕಣಗಳಿಗೆ ಬೆಳಕು ಬೇಡ, ಜನಕ್ಕೆ ಬೇಕು.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಅದಕ್ಕೂ ಮೊದಲು ತಾವೇ ಕಣ್ಣಾರೆ ನೋಡಬೇಕೆನಿಸಿದರೆ, ಅನುಕೂಲವಾದ ಒಂದು ಸಂಜೆಯನ್ನು ತಿಳಿಸಿ. ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಡಿಟೆಕ್ಟರ್ ನನ್ನ ಬಳಿ ಇದೆ. ಅದನ್ನು ಹಿಡಿದು ಆರು ಗಂಟೆಗೆ ಪಬ್ಲಿಕ್ ಗಾರ್ಡನ್ನಿನ ಗೇಟಿನಲ್ಲಿ ಕಾಯುತ್ತೇನೆ, ಈ ಸಲ ಅನುಮತಿ ಪತ್ರದೊಂದಿಗೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಕಲಬುರಗಿ