ಸೌಮ್ಯಳ ಆಫರ್ ಲೆಟರ್ ವಿಷಯ: ಗೆಳೆಯ ಮಂಜುಗೊಂದು ಪತ್ರ

ಮಂಜು,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. "ಅಕ್ಕನ ಮಗಳು ಸೌಮ್ಯಳಿಗೆ ನಿಮ್ಮ ಕಂಪನಿಯಲ್ಲೇ ಕೆಲಸ ಸಿಕ್ಕಿದೆ ಕಣೋ, ಕಳಿಸಬಹುದಾ?" ಅಂತ ನೀನು ಕೇಳಿದೆ. ನಾನು ಒಳ್ಳೇದಾಯ್ತು ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಆಮೇಲೆ ಸಮಾಧಾನವಾಗಲಿಲ್ಲ. ಹದಿನೈದು ವರ್ಷ ಈ ಐಟಿ ಕಂಪನಿಯಲ್ಲೇ ದುಡಿದವನು ಅಷ್ಟು ಚಿಕ್ಕ ಉತ್ತರ ಕೊಡಬಾರದಿತ್ತು. ಇದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ಇನ್ನೂ ಎಷ್ಟೋ ಇವೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ದುಡ್ಡು. 2010ರಲ್ಲಿ ನಾನು ಸೇರಿದಾಗ ವರ್ಷಕ್ಕೆ 3.25 ಲಕ್ಷ. ಈಗ ಸೌಮ್ಯಳಿಗೆ 3.6 ಲಕ್ಷ. ಪಿಜಿ ಬಾಡಿಗೆ, ಊಟ, ಬಸ್ ಚಾರ್ಜು ಎಲ್ಲಾ ಎಲ್ಲಿಗೋ ಹೋಗಿವೆ, ಹೊಸಬರ ಸಂಬಳ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30 ಸಾವಿರ ಅಂದುಕೊಳ್ಳಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲು, ಕೆಲಸ ಬಿಡುವಾಗ ಕೊಡುವ ಇಡುಗಂಟು ಅಂದರೆ ಗ್ರ್ಯಾಚುಟಿ, ಎಲ್ಲಾ ಸಾಮಾನ್ಯವಾಗಿ ಆ ಲೆಕ್ಕದಲ್ಲೇ ಸೇರಿರುತ್ತವೆ. ಗ್ರ್ಯಾಚುಟಿ ಕೈಗೆ ಸಿಗಬೇಕಾದರೆ ನಮ್ಮಂಥವರು ಐದು ವರ್ಷ ಕಾಯಬೇಕಿತ್ತು. ಕೆಲಸ, ಲಾಭ ನೋಡಿ ಕೊಡುವ ವೇರಿಯಬಲ್ ಪೇ ಬಂದರೆ ಬಂತು. ಕೈಗೆ ಎಷ್ಟು ಸಿಗುತ್ತೆ ಅಂತ ಎಚ್‌ಆರ್‌ನವರನ್ನೇ ಕೇಳಲಿ, ಸಂಕೋಚ ಬೇಡ.

ಇನ್ನೊಂದು. ಆಫರ್ ಬಂತು ಅಂತ ಬೇರೆ ಇಂಟರ್‌ವ್ಯೂ ಬಿಡೋದು ಬೇಡ. 2022ರಲ್ಲಿ ದೊಡ್ಡ ಕಂಪನಿಗಳ ಆಫರ್ ಸಿಕ್ಕ ಎಷ್ಟೋ ಮಕ್ಕಳು ಸೇರುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾದರು, ಕೆಲವರು ಎರಡು ವರ್ಷದ ತನಕ.

ಈಗ ಕಂಪನಿ ಹೇಗಿದೆ ಅನ್ನೋ ಮಾತು. ಇದಕ್ಕೆ ಒಂದು ಉತ್ತರ ಇಲ್ಲ ಕಣೋ. ನಮ್ಮಪ್ಪನ ವಿಷಯದಲ್ಲೇ ಎರಡನ್ನೂ ಕಂಡಿದ್ದೇನೆ.

2016ರಲ್ಲಿ ಅಪ್ಪನಿಗೆ ಎದೆನೋವು ಬಂದು ಅರಸೀಕೆರೆಯಿಂದ ರಾತ್ರೋರಾತ್ರಿ ಬೆಂಗಳೂರಿಗೆ ಕರೆತಂದಿದ್ದೆವಲ್ಲ. ನೀನೇ ಆಂಬುಲೆನ್ಸ್‌ನಲ್ಲಿ ಮುಂದೆ ಕೂತಿದ್ದೆ. ಸಂಬಳದಲ್ಲಿ ಪ್ರೀಮಿಯಂ ಹಿಡಿದು ಅಪ್ಪ ಅಮ್ಮನನ್ನೂ ಸೇರಿಸಿಕೊಳ್ಳುವ ವಿಮೆ ಕಂಪನಿಯಲ್ಲಿತ್ತು. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕಾರ್ಡು ಕೊಟ್ಟು ಕೂತೆ. ಮೂರು ಗಂಟೆ ಕಳೆದ ಮೇಲೆ ಆ ಹುಡುಗಿ ತಲೆಯೆತ್ತಿ "ಅಪ್ರೂವ್ ಆಗಿದೆ ಸರ್" ಅಂದಳು. ಎರಡು ಸ್ಟೆಂಟ್ ಹಾಕಿದರು. ತೋಟ ಅಡ ಇಡಬೇಕಾಗಬಹುದು ಅಂತ ಅಮ್ಮ ಪತ್ರ ತಂದಿದ್ದಳು. ಅದನ್ನು ಸೀರೆಯ ಮಡಿಕೆಯೊಳಗಿಂದ ಹೊರಗೆ ತೆಗೆಯಲೇ ಇಲ್ಲ. ಆಗಿನ ಮ್ಯಾನೇಜರ್ ದಿನಾ ಸಂಜೆ ಫೋನ್ ಮಾಡಿ ಅಪ್ಪ ಊಟ ಮಾಡಿದ್ರಾ ಅಂತ ಕೇಳುತ್ತಿದ್ದರು. ಕೆಲಸದ ಒಂದು ಮಾತೂ ಆಡಲಿಲ್ಲ. ಆ ಋಣ ನನ್ನ ಮೇಲಿದೆ.

ಎರಡು ವರ್ಷದ ನಂತರ ಅಪ್ಪ ತೀರಿಕೊಂಡರು. ಅಷ್ಟರಲ್ಲಿ ನನ್ನನ್ನು ಅಮೆರಿಕದ ಬ್ಯಾಂಕೊಂದರ ಪ್ರಾಜೆಕ್ಟಿಗೆ ಹಾಕಿದ್ದರು. ಮ್ಯಾನೇಜರ್ ಬೇರೆ. ವರ್ಷದ ತಿಥಿಗೆ ಒಂದೇ ದಿನ ರಜೆ ಸಿಕ್ಕಿತ್ತು, ಅದೂ ಲ್ಯಾಪ್‌ಟಾಪ್ ಜೊತೆಗಿರಲಿ ಅನ್ನೋ ಷರತ್ತಿನ ಮೇಲೆ. ಎಡೆ ಇಡುವ ಹೊತ್ತಿಗೆ ಫೋನ್. ನಮಗೆ ನಡುಮಧ್ಯಾಹ್ನ, ಅವರಿಗೆ ನಡುರಾತ್ರಿ. ಬ್ಯಾಂಕಿನ ಕಂಪ್ಯೂಟರಿನಲ್ಲಿ ರಾತ್ರಿ ತಾನಾಗೇ ಓಡುವ ಪ್ರೋಗ್ರಾಂ ಫೇಲ್ ಆಗಿತ್ತು. ನೆಟ್‌ವರ್ಕ್ ಸಿಗೋದು ಬಾವಿಕಟ್ಟೆಯ ಹತ್ತಿರ ಮಾತ್ರ. ಒದ್ದೆ ಪಂಚೆಯಲ್ಲೇ ಕೂತು ಎರಡು ಗಂಟೆ ಕೆಲಸ ಮಾಡಿದೆ. ನೀನು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಾನು ಒಳಗೆ ಬರುವಷ್ಟರಲ್ಲಿ ನನ್ನ ತಮ್ಮನೇ ಪಿಂಡ ಬಿಟ್ಟು ಬಂದಾಗಿತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಎರಡೂ ಒಂದೇ ಕಂಪನಿ. ಹೊರಗೆ ಕಾಣುವ ಬೋರ್ಡು ದೊಡ್ಡದು. ಒಳಗೆ ನಾವು ದುಡಿಯೋದು ಒಂದು ಪ್ರಾಜೆಕ್ಟಿಗೆ, ಒಬ್ಬ ಮ್ಯಾನೇಜರ್ ಕೈಕೆಳಗೆ. ಆ ಇಬ್ಬರು ಮ್ಯಾನೇಜರ್‌ಗಳೂ ಒಂದೇ ಮಹಡಿಯಲ್ಲಿ ಕೂರುತ್ತಿದ್ದರು. ನನ್ನ ಬ್ಯಾಚಿನಲ್ಲಿ ಅಮೆರಿಕಕ್ಕೆ ಹೋಗಿ ಮನೆ ಕಟ್ಟಿದವರೂ ಇದ್ದಾರೆ, ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತು ಕೊನೆಗೆ ಇಷ್ಟವಿಲ್ಲದ ಸಪೋರ್ಟ್ ಕೆಲಸಕ್ಕೆ ಒಪ್ಪಿಕೊಂಡವರೂ ಇದ್ದಾರೆ. ಬುದ್ಧಿಯಲ್ಲಿ ಅವರಿಗೂ ಇವರಿಗೂ ವ್ಯತ್ಯಾಸ ನನಗಂತೂ ಕಂಡಿಲ್ಲ.

ರೇಟಿಂಗ್ ಅನ್ನೋದೊಂದಿದೆ. ವರ್ಷದ ಕೊನೆಗೆ ಟೀಮಿನಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಅಂತ ಕೂರಿಸಲೇಬೇಕು, ಎಲ್ಲರೂ ಚೆನ್ನಾಗಿ ಮಾಡಿದ್ದರೂ. ನನ್ನ ಪಕ್ಕದ ಸೀಟಿನವಳು ಎಂಟು ವರ್ಷ ಹಳಬಳು. ಹೆರಿಗೆ ರಜೆ ಮುಗಿಸಿ ಬಂದ ವರ್ಷ ಕೆಳಗಿನ ರೇಟಿಂಗ್ ಅವಳಿಗೆ ಬಂತು. ಸುಧಾರಿಸಿಕೊಳ್ಳಿ ಅಂತ ಎರಡು ತಿಂಗಳ ಗಡುವು ಕೊಟ್ಟರು. ಆಮೇಲೆ ನೀವೇ ರಾಜೀನಾಮೆ ಕೊಟ್ಟರೆ, ಕೆಲಸ ಬಿಡುವಾಗ ಕೊಡುವ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ ಅಂದರು. ಅವಳು ಡ್ರಾಯರಿನಿಂದ ಮಗುವಿನ ಫೋಟೊ, ಸ್ಟೀಲ್ ಲೋಟ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ನಾವೆಲ್ಲ ಸ್ಕ್ರೀನ್ ನೋಡುತ್ತಾ ಕೂತಿದ್ದೆವು. ನಾನೂ ಏಳಲಿಲ್ಲ. ಅದು ತಪ್ಪು.

ಅದಾದ ಮೇಲೇ ನಾನು ಸಂಘದ ಬಗ್ಗೆ ಯೋಚಿಸಿದ್ದು. 2024ರಲ್ಲಿ ದಿನಕ್ಕೆ 14 ಗಂಟೆ ತನಕ ದುಡಿಸಬಹುದು ಅನ್ನೋ ಪ್ರಸ್ತಾವ ನಮ್ಮ ರಾಜ್ಯದಲ್ಲಿ ಬಂದಾಗ ಕೆಐಟಿಯು ಅನ್ನೋ ಐಟಿ ನೌಕರರ ಸಂಘ ಅದರ ವಿರುದ್ಧ ಎದ್ದು ನಿಂತಿತು. ಇಂಥದ್ದೊಂದು ಇದೆ ಅಂತ ಸೌಮ್ಯಳಿಗೆ ಮೊದಲ ದಿನದಿಂದಲೇ ಗೊತ್ತಿರಲಿ.

ಕಳಿಸು ಮಂಜು. ಕೆಲಸ ಕಲಿಯೋಕೆ ಒಳ್ಳೆ ಜಾಗ, ತರಬೇತಿಯಂತೂ ಚೆನ್ನಾಗಿ ಕೊಡುತ್ತಾರೆ. ಆದರೆ ಹೋಮ್ ಲೋನ್ ತಲೆ ಮೇಲೆ ಬರುವ ಮೊದಲೇ, ಮೂರ್ನಾಲ್ಕು ವರ್ಷದೊಳಗೆ, ಹೊರಗಿನ ಮಾರ್ಕೆಟ್ ಒಮ್ಮೆ ನೋಡಲಿ. ನೋಟಿಸ್ ಅವಧಿ 90 ದಿನ ಇರುತ್ತೆ, ಬೇರೆಯವರು ಅಷ್ಟು ದಿನ ಕಾಯಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿ. ಪ್ರಾಜೆಕ್ಟ್ ಸಿಕ್ಕ ದಿನ ನನಗೆ ಹೇಳಲಿ. ಆ ಮ್ಯಾನೇಜರ್ ಯಾರು, ಹೇಗೆ ಅಂತ ನಾನು ವಿಚಾರಿಸುತ್ತೇನೆ.

ಪಿಜಿ ಸಿಗುವ ತನಕ ನಮ್ಮ ಮನೆಯಲ್ಲೇ ಇರಲಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ ಸುಲಭವಾಗಿದೆ. ಯಾವ ರೈಲಿಗೆ ಹತ್ತಿಸುತ್ತೀ ಅಂತ ತಿಳಿಸು, ಯಶವಂತಪುರಕ್ಕೆ ನಾನೇ ಬರುತ್ತೇನೆ.

ನಿನ್ನ,
ರವಿ