ಮಗಳಿಗೊಂದು ಪತ್ರ: ಜಗಲಿಯಲ್ಲಿ ಮಲಗುವವರ ಲೆಕ್ಕ

ಪ್ರೀತಿಯ ಮಗಳೇ,

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಆಚೀಚೆ ಅಂಗಡಿ ಜಗಲಿಯಲ್ಲಿ ಮಲಗುವವರು ದಿನಾ ದುಡಿಯುತ್ತಾರಲ್ಲ, ಒಂದು ರೂಮು ಯಾಕೆ ಮಾಡಿಕೊಳ್ಳುವುದಿಲ್ಲ ಅಂತ ಕೇಳಿದ್ದೆಯಲ್ಲ. ಅಡ್ಡ ಬರುವುದು ಅಡ್ವಾನ್ಸು, ಮಾರಾಯ್ತಿ. ತಿಂಗಳಿಗೆ 4 ಸಾವಿರದ ರೂಮು ಅಂತಿಟ್ಟುಕೋ. ಐದು ತಿಂಗಳದ್ದು ಮುಂಗಡ ಕೇಳಿದರೆ ಒಂದೇ ಸಲಕ್ಕೆ 20 ಸಾವಿರ ಬೇಕು. ಕೂಲಿಯಲ್ಲಿ ಊಟದ ಖರ್ಚು ಕಳೆದು, ಬಾಗಲಕೋಟೆಯಲ್ಲೋ ಕೊಪ್ಪಳದಲ್ಲೋ ಇರುವ ಮನೆಗೆ ಕಳಿಸಿ, ಉಳಿದದ್ದು ಗಂಟಾಗುವಷ್ಟರಲ್ಲಿ ಮಳೆಗಾಲ. ಗಾರೆ ಕೆಲಸ ಕುಂಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಹಾಗಾಗಿ ಬಂದರಿನಲ್ಲಿ ಮೀನು ಹೊರುವ ಕೆಲಸವೂ ಕಡಿಮೆ. ಕೂಡಿಟ್ಟದ್ದೆಲ್ಲ ಆ ಎರಡು ತಿಂಗಳ ಹೊಟ್ಟೆಗೇ ಹೋಗುತ್ತದೆ.

ನಿದ್ದೆಯಲ್ಲಿ ಚೀಲ ಕಳವಾದರಂತೂ ಕತೆ ಮುಗಿಯಿತು. ಆಧಾರ್ ಕಾರ್ಡು, ಮೊಬೈಲು ಒಟ್ಟಿಗೇ ಹೋಗುತ್ತವೆ, ಒಟಿಪಿ ಬರುವ ನಂಬರೂ ಇರುವುದಿಲ್ಲ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹಳೆಯ ನಂಬರು ಹುಡುಕಿಸಬಹುದು. ಆದರೆ ಸಿಮೆಂಟು ಕಲಸಿ ಕಲಸಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗಬೇಕಲ್ಲ? "ಬೆರಳು ಬರ್ತಾ ಇಲ್ಲ" ಅಂತ ವಾಪಸು ಕಳಿಸಿದರೆ, ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೇಳಬೇಕು. ನೀನು ಜೊತೆಗೆ ಹೋಗುವುದಾದರೆ ಇಂಥಲ್ಲಿಗೆ ಹೋಗು. ಕಂಬಳಿ ಹಂಚುವವರು ಬೇಕಾದಷ್ಟಿದ್ದಾರೆ.

ನಗರದಲ್ಲಿ ಲಕ್ಷ ಜನಕ್ಕೊಂದರಂತೆ, ವರ್ಷವಿಡೀ 24 ಗಂಟೆಯೂ ತೆರೆದಿರುವ, ಮನೆಯಿಲ್ಲದವರ ವಸತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಮಂಗಳೂರು ಐದು ಲಕ್ಷದ ಹತ್ತಿರ ಇತ್ತು, ಲೆಕ್ಕ ನೀನೇ ಹಾಕು. ಕಟ್ಟಡ ಇದ್ದರೂ ಜನ ಬಾರದಿರುವುದುಂಟು. ಬೆಳಿಗ್ಗೆ ಕೂಲಿಗೆ ನಿಲ್ಲುವ ಜಾಗದಿಂದ ದೂರ ಇದ್ದರೆ, ಗಂಡ ಹೆಂಡತಿಯನ್ನು ಬೇರೆ ಬೇರೆ ಮಲಗಿಸಿದರೆ, ಸಾಮಾನಿಡಲು ಬೀಗದ ಪೆಟ್ಟಿಗೆ ಇಲ್ಲದಿದ್ದರೆ ಯಾರು ಹೋಗುತ್ತಾರೆ?

ಮನಸ್ಸಿನ ಕಾಯಿಲೆಯಿಂದ ಅಲೆಯುವವರ ವಿಷಯ ಬೇರೆ. 112ಕ್ಕೆ ಫೋನ್ ಮಾಡು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ. ಪೇಟೆಯೊಳಗಾದರೆ ವೆನ್ಲಾಕ್. ಮನೆಯವರು ಬಿಟ್ಟುಹೋದ ವೃದ್ಧರಿಗೆ ಸಹಾಯವಾಣಿ 14567.

ವೋಟರ್ ಪಟ್ಟಿಗೆ ಸೇರಲು ಮನೆ ಇರಲೇಬೇಕೆಂದಿಲ್ಲ. ನಮೂನೆ 6ರಲ್ಲಿ ಮಲಗುವ ಜಾಗವನ್ನೇ ಬರೆದರಾಯಿತು. ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಬಂದು ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು ಎನ್ನುವುದು ಚುನಾವಣಾ ಆಯೋಗದ ಸೂಚನೆ. ಫಾರಂ ತುಂಬಿಸುವಾಗ "ಬಸ್‌ಸ್ಟ್ಯಾಂಡ್" ಅಂತಷ್ಟೇ ಬರೆದರೆ ಬಂದವರಿಗೆ ಆಳು ಸಿಗುವುದಿಲ್ಲ. ಯಾವ ಅಂಗಡಿಯ ಜಗಲಿ, ಯಾವ ಬದಿ, ಎಷ್ಟು ಗಂಟೆಯ ಮೇಲೆ ಇರುತ್ತಾರೆ, ಎಲ್ಲ ಬರೆ.

ನಿನ್ನ
ಅಮ್ಮ