ನೋವಿಗೆ ಇಂಜೆಕ್ಷನ್, ಸೊರಗಿದ್ದಕ್ಕೆ ಟಾನಿಕ್

ಮಾನ್ಯ ಸಂಪಾದಕರೇ,

ಪತ್ರಿಕೆ ಬಿಡಿಸಿದರೆ ತೂಕ ಇಳಿಸುವ ಪುಡಿ, ಕಷಾಯ, ಜಿಮ್‌ಗಳ ಜಾಹೀರಾತು ಕಣ್ಣಿಗೆ ಬೀಳುತ್ತವೆ. ಇಳಿಸುವ ಮನಸ್ಸಿಲ್ಲದೆಯೇ ಇಳಿಯುತ್ತಿರುವವರ ಬಗ್ಗೆ, ಅದರಲ್ಲೂ ಜೊತೆಗೆ ಬಿಡದ ನೋವೂ ಇರುವವರ ಬಗ್ಗೆ ಬರೆಯಬೇಕೆನಿಸಿತು. ಇಂಥವರು ನೋವಿಗೆಂದು ಒಂದು ಕಡೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, ಸೊರಗಿದ್ದಕ್ಕೆಂದು ಇನ್ನೊಂದು ಕಡೆ ಟಾನಿಕ್ ತರುತ್ತಾರೆ. ಎರಡೂ ಒಂದೇ ಚೀಟಿಯ ಮೇಲೆ ಬರುವುದು ತೀರಾ ಅಪರೂಪ. ಬಂದಿದ್ದರೆ ಎಷ್ಟೋ ಕಾಯಿಲೆ ಮೂರು–ನಾಲ್ಕು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ಮೊದಲು ಅಳತೆಯ ಮಾತು. ಪಥ್ಯ, ವ್ಯಾಯಾಮ ಏನೂ ಮಾಡದೆ 6ರಿಂದ 12 ತಿಂಗಳೊಳಗೆ ಮೈತೂಕದ ಶೇ 5ರಷ್ಟು ಇಳಿದರೆ ಕಾರಣ ಹುಡುಕಲೇಬೇಕು. 60 ಕೆ.ಜಿ. ಇದ್ದವರಿಗೆ ಅದು 3 ಕೆ.ಜಿ. ಆದರೆ 42 ಕೆ.ಜಿ.ಯ ಅಜ್ಜಿಗೆ ಸುಮಾರು ಎರಡೇ ಕೆ.ಜಿ. ‘ಎರಡು ಕೆ.ಜಿ. ತಾನೇ, ಬೇಸಿಗೆ, ಊಟ ಸೇರ್ತಿಲ್ಲ’ ಎಂದು ಮನೆಯವರು ತಳ್ಳಿಹಾಕುವುದು ಅಜ್ಜಿಯದ್ದನ್ನೇ. ಹಳೆಯ ತೂಕ ಯಾರೂ ಬರೆದಿಟ್ಟಿರುವುದಿಲ್ಲ, ನಿಜ. ಆದರೆ ಬೆಲ್ಟಿಗೆ ಹೊಸದಾಗಿ ಮೊಳೆಯಿಂದ ತೂತು ಮಾಡಿರುತ್ತಾರೆ, ಬಳೆ ಮೊಣಕೈವರೆಗೆ ಜಾರುತ್ತದೆ, ಉಂಗುರಕ್ಕೆ ದಾರ ಸುತ್ತಿರುತ್ತಾರೆ, ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲವಾಗಿರುತ್ತದೆ. ಹೋದ ವರ್ಷದ ಮದುವೆ ಫೋಟೊ ಮೊಬೈಲಿನಲ್ಲಿದ್ದರೆ ವೈದ್ಯರಿಗೆ ಅದನ್ನೇ ತೋರಿಸಿ, ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಮನೆಯಲ್ಲಿ ತೂಗುವುದಾದರೆ ವಾರಕ್ಕೊಮ್ಮೆ, ಬೆಳಿಗ್ಗೆ ಮೂತ್ರ ಮಾಡಿ ಬಂದು ತಿಂಡಿಗೆ ಮುಂಚೆ, ತೆಳುಬಟ್ಟೆಯಲ್ಲಿ, ಚಪ್ಪಲಿ ಬಿಟ್ಟು. ಯಂತ್ರ ಯಾವಾಗಲೂ ಅದೇ ಇರಲಿ, ಗಟ್ಟಿ ನೆಲದ ಮೇಲಿರಲಿ. ಚಾಪೆಯ ಮೇಲಿಟ್ಟರೆ ಅದು ತೋರಿಸುವ ಅಂಕಿ ನಂಬುವಂತಿಲ್ಲ. ಇನ್ನೊಂದು ಮೋಸ ಇದೆ: ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಾಲು ಬಾತಿದ್ದರೆ ಯಂತ್ರದ ಅಂಕಿ ಕದಲುವುದೇ ಇಲ್ಲ. ತೋಳು, ತೊಡೆ, ಕಪೋಲ ಕರಗುತ್ತಿರುತ್ತವೆ, ಆ ತೂಕವನ್ನು ನೀರು ತುಂಬಿಕೊಟ್ಟಿರುತ್ತದೆ. ಹೊಟ್ಟೆ ದಪ್ಪ, ಕೈಕಾಲು ಕಡ್ಡಿ ಎಂಬಂತಿದ್ದರೆ ‘ತೂಕ ಸರಿಯಾಗಿದೆಯಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಇನ್ನು ನೋವು. ಎಲ್ಲಿ ಎಂಬುದಕ್ಕಿಂತ ಯಾವಾಗ ಏಳುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ದುಡಿದು ಬಂದ ಸೊಂಟ ನೋವು ಮಲಗಿದರೆ ತಣಿಯುತ್ತದೆ. ಮಲಗಿದಾಗಲೇ ಹೆಚ್ಚಾಗುವ, ನಡುರಾತ್ರಿ ಎಬ್ಬಿಸುವ, ವಾರದಿಂದ ವಾರಕ್ಕೆ ಏರುವ ನೋವಿನ ಜಾತಿಯೇ ಬೇರೆ.

ಮೇದೋಜೀರಕ ಗ್ರಂಥಿಯನ್ನೇ ನೋಡಿ. ಅದು ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಆತುಕೊಂಡಂತೆ ಇರುವ ಅಂಗ. ಅಲ್ಲಿ ಗೆಡ್ಡೆ ಬೆಳೆದರೆ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆದಂತಾಗಿ ನೋವು ಬೆನ್ನಿಗೆ ಪಾರಾಗುತ್ತದೆ. ಅಂಗಾತ ಮಲಗಿದರೆ ತಡೆಯಲಾಗದು. ರೋಗಿ ರಾತ್ರಿಯೆಲ್ಲ ಮಂಚದ ಮೇಲೆ ದಿಂಬನ್ನು ಹೊಟ್ಟೆಗವಚಿಕೊಂಡು ಮುಂದಕ್ಕೆ ಬಾಗಿ ಕುಳಿತಿರುತ್ತಾನೆ. ಹಾಗೆ ಕುಳಿತರೆ ತುಸು ಹಗುರ. ಮನೆಯವರ ಬಾಯಲ್ಲಿ ಅದು ‘ಗ್ಯಾಸ್ಟ್ರಿಕ್’. ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಅದೇ ಹೊತ್ತಿಗೆ ತೂಕವೂ ಇಳಿಯುತ್ತಿದ್ದರೆ ಈ ಗ್ರಂಥಿಯ ಮೇಲೆ ಅನುಮಾನ ಪಡಬೇಕು. ಆ ವಯಸ್ಸಿನಲ್ಲಿ ಬರುವ ಮಾಮೂಲಿ ಮಧುಮೇಹ ಹೆಚ್ಚಾಗಿ ಬೊಜ್ಜಿನ ಬೆನ್ನು ಹತ್ತಿ ಬರುವಂಥದ್ದು. ಮಲ ಜಿಡ್ಡಾಗಿ ತೇಲುವುದು, ಎರಡು ಬಕೆಟ್ ನೀರು ಹಾಕಿದರೂ ಹೋಗದಿರುವುದು ಇನ್ನೊಂದು ಸುಳಿವು. ಹಳೆಯ ಮೇದೋಜೀರಕದ ಉರಿಯೂತದಲ್ಲೂ ಹೀಗಾಗುತ್ತದೆ, ಎಲ್ಲವೂ ಕ್ಯಾನ್ಸರ್ ಅಲ್ಲ. ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಸಿ, ಮೂತ್ರ ಕಡುಹಳದಿ, ಮಲ ಮಾತ್ರ ಬಿಳಿಚಿದ್ದರೆ ಪಿತ್ತನಾಳ ಕಟ್ಟಿದೆ ಎಂದರ್ಥ. ಈ ಹಂತದಲ್ಲಿ ಕಾಮಾಲೆಗೆ ನಾಟಿ ಔಷಧಿ, ಉಪ್ಪು–ಎಣ್ಣೆ ಬಿಟ್ಟ ಪಥ್ಯ ಎಂದು ಕಳೆಯುವ ಪ್ರತಿ ವಾರವೂ ನಷ್ಟವೇ. ಅಲ್ಟ್ರಾಸೌಂಡ್ ‘ನಾರ್ಮಲ್’ ಬಂದರೂ ಇಲ್ಲಿ ನಿರಾಳವಾಗುವಂತಿಲ್ಲ. ಕರುಳಿನ ಗಾಳಿ ಅಡ್ಡ ಬಂದು ಈ ಗ್ರಂಥಿ ಎಷ್ಟೋ ಸಲ ಕಾಣುವುದೇ ಇಲ್ಲ, ವರದಿಯ ಮೂಲೆಯಲ್ಲಿ ಹಾಗೆಂದು ಬರೆದೂ ಇರುತ್ತಾರೆ. ಅನುಮಾನ ಗಟ್ಟಿಯಿದ್ದರೆ ಕಾಂಟ್ರಾಸ್ಟ್ (ಅಂಗಗಳು ಎದ್ದು ಕಾಣುವಂತೆ ಮಾಡುವ ಔಷಧಿ) ಹಾಕಿದ ಸಿ.ಟಿ. ಸ್ಕ್ಯಾನ್ ಬೇಕು.

ಜಠರದ ಕ್ಯಾನ್ಸರಿನ ಕಥೆ ಇದಕ್ಕಿಂತ ಸಾಮಾನ್ಯ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ, ಮಾಂಸದ ವಾಸನೆಗೆ ವಾಕರಿಕೆ, ಡಾಂಬರಿನಂಥ ಕಪ್ಪು ಮಲ. ಇವು ಇದ್ದೂ ಮೆಡಿಕಲ್ ಶಾಪಿನಿಂದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತಂದು ತಿಂಗಳುಗಟ್ಟಲೆ ನುಂಗುವವರು ಬೇಕಾದಷ್ಟಿದ್ದಾರೆ. ಈ ಮಾತ್ರೆ ಕ್ಯಾನ್ಸರಿನ ಹುಣ್ಣನ್ನೂ ಸ್ವಲ್ಪ ಕಾಲ ಮಾಯಿಸಿದಂತೆ ಮಾಡಬಲ್ಲದು. ಉರಿ ಕಡಿಮೆಯಾಗುತ್ತದೆ, ತೂಕ ಮಾತ್ರ ಇಳಿಯುತ್ತಲೇ ಇರುತ್ತದೆ. ಹೊಟ್ಟೆಯುರಿ ಜೊತೆಗೆ ತೂಕ ಇಳಿದಿದ್ದರೆ ವಯಸ್ಸು ಎಷ್ಟೇ ಇರಲಿ, ಎಂಡೋಸ್ಕೋಪಿ ಮಾಡಿಸಿಯೇ ಮುಂದಿನ ಮಾತು. ನುಂಗುವಾಗ ಮೊದಲು ರೊಟ್ಟಿ ಸಿಕ್ಕಿ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಸಿಕ್ಕಿಕೊಳ್ಳುತ್ತಿದ್ದರೆ ಅನ್ನನಾಳಕ್ಕೂ ಇದೇ ಮಾತು.

ಬೆನ್ನು ನೋವಿಗೆ ಬರೋಣ. ಬೆನ್ನುಮೂಳೆಯ ಕ್ಷಯದಲ್ಲಿ ಕೆಮ್ಮು ಇರಲೇಬೇಕೆಂದಿಲ್ಲ, ಹಾಗಾಗಿಯೇ ಅದು ತಪ್ಪಿಸಿಕೊಳ್ಳುತ್ತದೆ. ಸಂಜೆಗೆ ಸಣ್ಣ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವ ಬೆವರು, ಊಟ ಮೈಗೆ ಹತ್ತದಿರುವುದು, ಒಂದೇ ಜಾಗದಲ್ಲಿ ವಾರಗಟ್ಟಲೆ ನೋವು. ನೆಲದ ಮೇಲೆ ಒಂದು ನಾಣ್ಯ ಹಾಕಿ ಎತ್ತಿಕೊಡಲು ಹೇಳಿ. ಬೆನ್ನು ಬಗ್ಗಿಸದೆ, ಕೋಲಿನಂತೆ ನೆಟ್ಟಗಿಟ್ಟುಕೊಂಡು, ಮಂಡಿ ಮಡಚಿ ಕುಕ್ಕರಿಸಿ ಎತ್ತಿದರೆ ಮೂಳೆಯನ್ನು ಪರೀಕ್ಷಿಸಲೇಬೇಕು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ.ಯಲ್ಲಿ ಗೊತ್ತಾಗುತ್ತದೆ. ಅರವತ್ತು ದಾಟಿದವರಲ್ಲಿ ಬೆನ್ನು ಅಥವಾ ಪಕ್ಕೆಲುಬಿನ ನೋವು, ರಕ್ತಹೀನತೆ, ಏರಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಿರುವ ಗುರುತು) ಮೂರೂ ಒಟ್ಟಿಗಿದ್ದರೆ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ ನೆನಪಾಗಬೇಕು. ಗಂಡಸರಲ್ಲಿ ಮೂಳೆಗೆ ಹಬ್ಬಿದ ಪ್ರಾಸ್ಟೇಟ್ ಗೆಡ್ಡೆಯೂ. ಬೀಡಿ ಸೇದುವವರ ಭುಜದ ನೋವು ತೋಳಿನ ಒಳಬದಿಯಿಂದ ಕಿರುಬೆರಳಿಗೆ ಇಳಿಯುತ್ತಿದ್ದರೆ ‘ಸ್ಪಾಂಡಿಲೈಟಿಸ್’ ಎಂದು ಕತ್ತಿನ ಪಟ್ಟಿ ಕಟ್ಟುವ ಮೊದಲು ಎದೆಯ ಎಕ್ಸ್‌ರೇ ತೆಗೆಸಿ. ಶ್ವಾಸಕೋಶದ ತುದಿಯ ಗೆಡ್ಡೆ ಹೀಗೇ ಬರುವುದುಂಟು.

ಹೆಚ್ಚಾಗಿ ಯಾರ ಗಮನಕ್ಕೂ ಬಾರದ ಒಂದು ಕಾಯಿಲೆಯಿದೆ. ಊಟವಾಗಿ ಅರ್ಧ–ಮುಕ್ಕಾಲು ಗಂಟೆಗೆ ಹೊಟ್ಟೆ ಹಿಂಡಿ, ಒಂದೆರಡು ತಾಸಿಗೆ ತಾನೇ ಬಿಡುತ್ತದೆ. ರೋಗಿಗೆ ಹಸಿವಿರುತ್ತದೆ, ಆದರೆ ನೋವಿಗೆ ಹೆದರಿ ತಟ್ಟೆ ದೂರ ತಳ್ಳುತ್ತಾನೆ. ಕರುಳಿಗೆ ರಕ್ತ ಒಯ್ಯುವ ನಾಳಗಳು ಕಿರಿದಾದಾಗ ಹೀಗಾಗುತ್ತದೆ, ಹೃದಯಕ್ಕೆ ಆಂಜೈನಾ (ರಕ್ತ ಸಾಲದೆ ಬರುವ ಎದೆನೋವು) ಇದ್ದಂತೆ. ವಯಸ್ಸಾದ ಧೂಮಪಾನಿಗಳಲ್ಲಿ, ಹೃದ್ರೋಗಿಗಳಲ್ಲಿ ಹೆಚ್ಚು. ಎಂಡೋಸ್ಕೋಪಿ, ಅಲ್ಟ್ರಾಸೌಂಡ್ ಎರಡೂ ಸರಿಯಿರುವುದರಿಂದ ಕೊನೆಗೆ ‘ಟೆನ್ಶನ್’ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಇದನ್ನು ಹಿಡಿಯಲು ರಕ್ತನಾಳ ತೋರಿಸುವ ಸಿ.ಟಿ. ಆಂಜಿಯೊಗ್ರಾಂ ಬೇಕು.

‘ಶುಗರ್ ಇದೆ, ಇಳಿಯೋದು ಸಹಜ’ ಎಂಬ ಮಾತು ಹಳ್ಳಿ, ಪಟ್ಟಣ ಎಲ್ಲೆಡೆ ಕೇಳುತ್ತೇವೆ. ಸಕ್ಕರೆ ಹತೋಟಿ ತಪ್ಪಿದ್ದರೆ ತೂಕ ಇಳಿಯುತ್ತದೆ, ಸರಿ. ಹೆಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ) 7ರ ಆಸುಪಾಸಿನಲ್ಲಿದ್ದೂ ಇಳಿಯುತ್ತಿದ್ದರೆ ಶುಗರಿನ ಮೇಲೆ ಹೊರೆ ಹಾಕಬೇಡಿ, ಬೇರೆ ಕಾರಣ ಹುಡುಕಿ. ಹಸಿವು ಚೆನ್ನಾಗಿದ್ದು, ಎದೆ ಢವಢವ, ಕೈ ನಡುಕ, ಪದೇಪದೇ ಭೇದಿ ಇದ್ದರೆ ಥೈರಾಯ್ಡ್. ಏನೂ ಬೇಡ, ಯಾರೂ ಬೇಡ, ನಿದ್ದೆಯಿಲ್ಲ ಎಂದು ಮೂಲೆ ಹಿಡಿದವರಲ್ಲಿ ಖಿನ್ನತೆ. ಹಲ್ಲಿಲ್ಲದೆ ತಿನ್ನಲಾಗದವರೂ ಇದ್ದಾರೆ, ಶುಗರಿನ ಮಾತ್ರೆ ಮೆಟ್‌ಫಾರ್ಮಿನ್‌ನಿಂದ ಬಾಯಿರುಚಿ ಕೆಟ್ಟವರೂ ಇದ್ದಾರೆ. ಎಲ್ಲ ತಪಾಸಣೆ ಮಾಡಿದರೂ ಸುಮಾರು ಕಾಲುಭಾಗ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಮೊದಲ ಸುತ್ತಿನ ಪರೀಕ್ಷೆಗಳೆಲ್ಲ ಸರಿಯಿದ್ದರೆ ಊರೆಲ್ಲ ಸ್ಕ್ಯಾನ್ ಸುತ್ತಬೇಕಿಲ್ಲ. 3ರಿಂದ 6 ತಿಂಗಳು ತೂಕ ನೋಡುತ್ತ, ಹೊಸ ಲಕ್ಷಣ ಬಂದರೆ ಕೂಡಲೇ ಮರಳಿ ಬರುವುದು ಸರಿಯಾದ ದಾರಿ.

ಆ ಮೊದಲ ಸುತ್ತಿಗೆ ಬೇಕಿರುವುದು ಹೆಚ್ಚೇನಲ್ಲ: ರಕ್ತಕಣಗಳ ಎಣಿಕೆ, ಇ.ಎಸ್.ಆರ್. (ಉರಿಯೂತದ ಸುಳಿವು), ಸಕ್ಕರೆ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಕ್ಯಾಲ್ಸಿಯಂ, ಟಿ.ಎಸ್.ಹೆಚ್. (ಥೈರಾಯ್ಡ್), ಹೆಚ್‌ಐವಿ, ಮೂತ್ರ, ಮಲದಲ್ಲಿ ಕಣ್ಣಿಗೆ ಕಾಣದಂತೆ ಸೇರಿರುವ ರಕ್ತ, ಎದೆಯ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್. ಎರಡು ವಾರಕ್ಕೆ ಮೀರಿದ ಕೆಮ್ಮಿದ್ದರೆ ಕಫ. ಕ್ಷಯದ ಕಫ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಕೊಡುವಾಗ ಎಂಜಲು ಉಗುಳಿ ಬರಬಾರದು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರು ಆಳವಾಗಿ ಎಳೆದು, ಎದೆಯಾಳದಿಂದ ಕೆಮ್ಮಿ ಬಂದದ್ದನ್ನು ಕೊಡಬೇಕು. ಎಂಜಲು ಕೊಟ್ಟು ‘ನೆಗೆಟಿವ್’ ಚೀಟಿ ಹಿಡಿದು ಹೋದವರು ಕೆಮ್ಮುತ್ತ ಮನೆಮಂದಿಗೆಲ್ಲ ಹಂಚುತ್ತಿರುತ್ತಾರೆ.

ಪರೀಕ್ಷೆ ಮುಗಿಯುವ ತನಕ ಏನು ಮಾಡಬಾರದು ಎಂಬುದನ್ನೂ ಹೇಳಬೇಕು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ದಿನಾ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು. ಮೈಲೋಮಾದಂಥ ಕಾಯಿಲೆಯಿದ್ದವರ ಮೂತ್ರಪಿಂಡ ಇದರಿಂದಲೇ ಕೈಕೊಡಬಹುದು. ಇನ್ನೂ ಕೆಟ್ಟದ್ದು ‘ಶಕ್ತಿ ಇಂಜೆಕ್ಷನ್’ ಹೆಸರಿನಲ್ಲಿ, ಹೆಸರಿಲ್ಲದ ಪುಡಿಗಳಲ್ಲಿ ಸೇರಿ ಬರುವ ಸ್ಟೀರಾಯ್ಡ್. ಎರಡು ದಿನದಲ್ಲಿ ಜ್ವರ ಇಳಿದು, ಹಸಿವು ತೆರೆದು, ನೋವು ಮಾಯವಾಗಿ ‘ಒಳ್ಳೆ ಕೈಗುಣ’ ಎನಿಸುತ್ತದೆ. ಒಳಗೆ ಕ್ಷಯವಿದ್ದರೆ ಅದು ಆಗಲೇ ಹಬ್ಬುವುದು. ಪ್ಯಾರಸಿಟಮಾಲ್ ತಕ್ಕಮಟ್ಟಿಗೆ ಸುರಕ್ಷಿತ, ಆದರೆ ಅದರ ಲೆಕ್ಕವೂ ತೂಕದ ಮೇಲಿದೆ: ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ. 38 ಕೆ.ಜಿ.ಗೆ ಇಳಿದವರಿಗೆ 500ರ ಒಂದೇ ಮಾತ್ರೆ ಸಾಕು, 650 ಹೆಚ್ಚಾಯಿತು. ಆರು ತಾಸಿನ ಅಂತರವಿರಲಿ. ಮದ್ಯ ಕುಡಿಯುವವರು ಇದನ್ನೂ ಕೇಳಿಯೇ ನುಂಗಬೇಕು. ಹಾಗೆಂದು ‘ಕಾಯಿಲೆ ಗೊತ್ತಾಗುವ ತನಕ ನೋವು ತಡ್ಕೊಳ್ಳಿ’ ಎನ್ನುವುದೂ ತಪ್ಪು. ನೋವು ತಗ್ಗಿಸಿದರೆ ರೋಗ ಮುಚ್ಚಿಹೋಗುವುದಿಲ್ಲ, ತನಿಖೆ ನಿಲ್ಲಿಸಿದರೆ ಮುಚ್ಚಿಹೋಗುತ್ತದೆ. ಕ್ಯಾನ್ಸರ್ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಇದೆ, 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅದನ್ನು ಒದಗಿಸುವ ನಿಯಮಗಳೂ ಸರಳವಾಗಿವೆ. ಅದರ ಜೊತೆ ಮಲಬದ್ಧತೆಗೆ ಔಷಧಿ ಮೊದಲ ದಿನದಿಂದಲೇ ಕೊಡದಿದ್ದರೆ ರೋಗಿ ನಾಲ್ಕನೇ ದಿನ ಮಾತ್ರೆ ಬಿಸಾಡುತ್ತಾನೆ.

ತೀರಾ ಬಡಕಲಾದವರಿಗೆ ಪ್ರೀತಿಯಿಂದ ಒಮ್ಮೆಲೇ ತುಪ್ಪ, ಪಾಯಸ, ಗ್ಲೂಕೋಸ್ ಬಾಟಲಿ ಏರಿಸುವುದೂ ಅಪಾಯ. ಹತ್ತು ದಿನಕ್ಕೂ ಹೆಚ್ಚು ಏನೂ ತಿನ್ನದವರ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯದ ಬಡಿತ ತಪ್ಪಬಹುದು. ಆಸ್ಪತ್ರೆಯಲ್ಲಿ ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ದಿನಕ್ಕೆ ಕೆ.ಜಿ.ಗೆ ಸುಮಾರು 10 ಕ್ಯಾಲೊರಿಯಿಂದ ಶುರುಮಾಡಿ, ರಕ್ತ ನೋಡುತ್ತ ಏರಿಸುತ್ತಾರೆ.

ತೂಕದ ಅಂಕಿ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಮಂಗಳೂರಿನ ನಂಟಿರುವ ಪುರಾವೆಯೇ ಇದೆ. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ‘ರೇಷನ್ಸ್’ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 2,800 ಕ್ಷಯರೋಗಿಗಳಿಗೆ ಔಷಧಿಯ ಜೊತೆ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಕೊಡಲಾಗಿತ್ತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ 60ರಷ್ಟು ಕಡಿಮೆಯಿತ್ತು. ಆಹಾರ ಪಡೆದ ಮನೆಮಂದಿಯಲ್ಲೂ ಹೊಸದಾಗಿ ಕ್ಷಯ ತಗಲುವುದು ಗಣನೀಯವಾಗಿ ತಗ್ಗಿತು. ಕ್ಷಯರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ಸಿಗುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಬ್ಯಾಂಕ್ ಖಾತೆಗೆ ಬರುತ್ತಿದೆಯೇ ಎಂದು ನೋಡಿಕೊಳ್ಳಿ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ: ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದುವುದು ಅಥವಾ ಮೂತ್ರ ಕಟ್ಟುವುದು, ರಕ್ತವಾಂತಿ, ಸೊರಗಿದ ಮಗುವಿಗೆ ವಿಪರೀತ ಬಾಯಾರಿಕೆಯ ಜೊತೆ ಹೊಟ್ಟೆನೋವು, ವಾಂತಿ, ಏದುಸಿರು. ಕೊನೆಯದು ಮಕ್ಕಳ ಮಧುಮೇಹ ವಿಕೋಪಕ್ಕೆ ಹೋದ ಲಕ್ಷಣ, ಆ ರಾತ್ರಿಯೇ ಆಸ್ಪತ್ರೆ ಸೇರಬೇಕು.

ಆರೋಗ್ಯ ಇಲಾಖೆಗೆ ನಮ್ಮದು ಒಂದೇ ಕೋರಿಕೆ. ಹೊರರೋಗಿ ಚೀಟಿಯಲ್ಲಿ ಬಿ.ಪಿ. ಬರೆಯುವಂತೆ ತೂಕವನ್ನೂ, ಅದರ ಪಕ್ಕದಲ್ಲೇ ಕಳೆದ ಸಲದ ತೂಕವನ್ನೂ ಬರೆಯುವ ಎರಡು ಚೌಕ ಅಚ್ಚು ಹಾಕಿಸಿ. ತೂಕದ ಯಂತ್ರ ಔಷಧಿ ಕೋಣೆಯ ಬೀರುವಿನ ಕೆಳಗಿರದೆ ಚೀಟಿ ಕೊಡುವ ಕಿಟಕಿಯ ಪಕ್ಕ ಇರಲಿ, ವರ್ಷಕ್ಕೊಮ್ಮೆ ಗೊತ್ತಿರುವ ತೂಕವಿಟ್ಟು ಸರಿಯಿದೆಯೇ ಎಂದು ನೋಡಿಸಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆ ಪತ್ರದಲ್ಲಿ ‘ಹೊಟ್ಟೆ ನೋವು’ ಎಂದಷ್ಟೇ ಬರೆದು ಕಳಿಸುವುದಕ್ಕೂ ‘ಹೊಟ್ಟೆ ನೋವು, ಐದು ತಿಂಗಳಲ್ಲಿ 58ರಿಂದ 49 ಕೆ.ಜಿ.’ ಎಂದು ಬರೆದು ಕಳಿಸುವುದಕ್ಕೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಎದುರು ಕುಳಿತು ಓದುವ ವೈದ್ಯರಿಗೆ ಬಹಳ ವ್ಯತ್ಯಾಸವಿದೆ.

— ಹೊರರೋಗಿ ವಿಭಾಗಗಳಲ್ಲಿ ದುಡಿಯುವ ಕೆಲವು ವೈದ್ಯರು ಮತ್ತು ಶುಶ್ರೂಷಕಿಯರು